ಬೆರಳಿಗೆ ವಜ್ರ, ಯಾರ ಹೆಗಲಿಗೆ ಭಾರ?

ನಿಶ್ಚಿತಾರ್ಥಕ್ಕೆ ವಜ್ರದುಂಗುರ ಇರಲೇಬೇಕು ಎನ್ನುವ ಮಾತು ಈಗ ಮಧ್ಯಮವರ್ಗದ ಮನೆಗಳಿಗೂ ಬಂದಿದೆ. ಅಷ್ಟು ಹಣಕ್ಕೆ ನಿಜವಾಗಿ ಸಿಗುವುದೇನು? ಆ ಹಣ ಯಾರ ಜೇಬಿನಿಂದ ಹೋಗುತ್ತಿದೆ?

ಮದುವೆ ಮಾತುಕತೆ ಮುಗಿದು ಖರ್ಚಿನ ಪಟ್ಟಿ ಬರೆಯಲು ಕೂತ ಮನೆಗಳಲ್ಲಿ ಈಗ ಹೊಸದೊಂದು ಬಾಬತ್ತು ಸೇರಿಕೊಂಡಿದೆ. ಛತ್ರ, ಅಡುಗೆಯವರು, ಸೀರೆ, ತಾಳಿ, ಕಾಲುಂಗುರಗಳ ಜತೆಗೆ ನಿಶ್ಚಿತಾರ್ಥದ ವಜ್ರದುಂಗುರ. ಉಂಗುರವೇನೂ ನಮಗೆ ಹೊಸದಲ್ಲ. ಅಳಿಯನಾಗುವವನಿಗೆ ಚಿನ್ನದುಂಗುರ ತೊಡಿಸುವುದು ಎಷ್ಟೋ ಮನೆಗಳಲ್ಲಿ ಹಿಂದಿನಿಂದ ಬಂದ ರೂಢಿ. ಆದರೆ ಅದರ ನೆತ್ತಿಯ ಮೇಲೊಂದು ವಜ್ರ ಕೂತಿರಬೇಕು, ಇಬ್ಬರ ಬೆರಳಲ್ಲೂ ಇರಬೇಕು, ಫೋಟೊದಲ್ಲಿ ಎದ್ದು ಕಾಣಬೇಕು ಎಂಬ ನಿರೀಕ್ಷೆ ಹೊಸದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಜ್ರದುಂಗುರ ಹೂಡಿಕೆಯೆಂದು ಕೊಳ್ಳುವುದಾದರೆ ಬೇಡ. ಸಂಪ್ರದಾಯವೆಂದು ಕೊಳ್ಳುವುದಾದರೆ ಅದು ನಮ್ಮ ಸಂಪ್ರದಾಯವಲ್ಲ. ಕಲ್ಲಿನ ಮೇಲೆ ನಿಜವಾದ ಆಸೆಯಿದ್ದು, ಕೈಯಲ್ಲಿರುವ ಸ್ವಂತ ದುಡ್ಡಿನಲ್ಲಿ, ದಿನಾ ತೊಡುವುದಕ್ಕೆಂದು ಕೊಳ್ಳುವುದಾದರೆ ಧಾರಾಳವಾಗಿ ಕೊಳ್ಳಿ. ಹೆಣ್ಣು ಹೆತ್ತವರು ಸಾಲ ಮಾಡಿ ತರುವ ವಜ್ರವನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಿಕೊಳ್ಳಬಾರದು.

ಆಸೆ ಬಿತ್ತಿದವರು

ಒಂದು ಕಾಲಕ್ಕೆ ವಜ್ರ ನಿಜಕ್ಕೂ ಅಪರೂಪದ ವಸ್ತು. 18ನೇ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ಗಣಿಗಳು ಸಿಗುವ ತನಕ ಯುರೋಪಿನ ಅರಮನೆಗಳಿಗೆ ಹೋಗುತ್ತಿದ್ದ ವಜ್ರದ ಬಹುಪಾಲು ನಮ್ಮ ದಖನ್ನಿನದೇ. 1867ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಜ್ರ ಸಿಕ್ಕಿದ್ದೇ ಲೆಕ್ಕಾಚಾರ ತಿರುವುಮುರುವಾಯಿತು. ಅಲ್ಲಿನ ಕಿಂಬರ್ಲಿಯ ಗಣಿಗಳಿಂದ ಕಲ್ಲು ರಾಶಿ ರಾಶಿಯಾಗಿ ಬರತೊಡಗಿತು. ಹಾಗೇ ಬಿಟ್ಟರೆ ಬೆಲೆ ನೆಲಕಚ್ಚುವುದು ಖಚಿತವಿತ್ತು. ಗಣಿಗಳನ್ನೆಲ್ಲ ಒಂದೇ ಮುಷ್ಟಿಗೆ ತರಲೆಂದು ಸೆಸಿಲ್ ರೋಡ್ಸ್ 1888ರಲ್ಲಿ ಡಿ ಬೀರ್ಸ್ ಕಂಪನಿಯನ್ನು ಕಟ್ಟಿದ. ಮಾರುಕಟ್ಟೆಗೆ ಎಷ್ಟು ಕಲ್ಲು ಬಿಡಬೇಕು, ಎಷ್ಟು ತಡೆಹಿಡಿಯಬೇಕು ಎನ್ನುವುದು ಅಲ್ಲಿಂದ ಮುಂದೆ ಬಹುಕಾಲ ಆ ಕಂಪನಿಯ ಕೈಯಲ್ಲೇ ಇತ್ತು.

ಪೂರೈಕೆಯೇನೋ ಹಿಡಿತಕ್ಕೆ ಬಂತು. ಆದರೆ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೊಳ್ಳುವವರೇ ಇಲ್ಲವಾದರು. 1938ರಲ್ಲಿ ಡಿ ಬೀರ್ಸ್‌ನ ಹ್ಯಾರಿ ಓಪನ್‌ಹೈಮರ್ ನ್ಯೂಯಾರ್ಕ್‌ಗೆ ಹೋಗಿ ಎನ್. ಡಬ್ಲ್ಯು. ಏಯರ್ ಎಂಬ ಜಾಹೀರಾತು ಸಂಸ್ಥೆಯ ಬಾಗಿಲು ತಟ್ಟಿದರು. ಸಂಸ್ಥೆ ಹುಡುಕಿಕೊಂಡ ದಾರಿ ಜಾಣತನದ್ದು. ಸಿನಿಮಾ ತಾರೆಯರ ಬೆರಳಿಗೆ ವಜ್ರ ಬಂತು, ಪತ್ರಿಕೆಗಳಿಗೆ ತಾರೆಯರ ಉಂಗುರದ ಕಥೆಗಳು ಹೋದವು, ಹೈಸ್ಕೂಲು ಹುಡುಗಿಯರಿಗೆ ನಿಶ್ಚಿತಾರ್ಥದ ಉಂಗುರದ ಬಗ್ಗೆ ಉಪನ್ಯಾಸಗಳು ನಡೆದವು. 1947ರಲ್ಲಿ ಅದೇ ಸಂಸ್ಥೆಯ ಬರಹಗಾರ್ತಿ ಫ್ರಾನ್ಸಿಸ್ ಜೆರೆಟಿ, ವಜ್ರವೆಂದರೆ ಶಾಶ್ವತ ಎಂಬರ್ಥದ ಘೋಷವಾಕ್ಯ ಬರೆದರು. 1999ರಲ್ಲಿ ಅಡ್ವರ್ಟೈಸಿಂಗ್ ಏಜ್ ಪತ್ರಿಕೆ ಅದನ್ನು ಶತಮಾನದ ಶ್ರೇಷ್ಠ ಘೋಷವಾಕ್ಯವೆಂದು ಆರಿಸಿತು.

ಆ ವಾಕ್ಯ ಏಕಕಾಲಕ್ಕೆ ಎರಡು ಕೆಲಸ ಮಾಡಿತು. ಕೊಳ್ಳಿ ಎಂದಿತು, ಕೊಂಡದ್ದನ್ನು ಎಂದೂ ಮಾರಬೇಡಿ ಎಂದೂ ಒಳಗೊಳಗೇ ಹೇಳಿತು. ಜನ ತಮ್ಮ ಹಳೆಯ ವಜ್ರಗಳನ್ನು ಮಾರಲು ಹೊರಟರೆ ಬೆಲೆ ನಿಲ್ಲುವುದಿಲ್ಲ ಎಂಬುದು ಕಂಪನಿಗೆ ಗೊತ್ತಿತ್ತು. ಪತ್ರಕರ್ತ ಎಡ್ವರ್ಡ್ ಜೇ ಎಪ್‌ಸ್ಟೀನ್ 1982ರಲ್ಲಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಬರೆದ ದೀರ್ಘ ಲೇಖನ ಈ ಇಡೀ ವ್ಯವಹಾರವನ್ನು ಬಿಚ್ಚಿಟ್ಟಿತು. ಉಂಗುರಕ್ಕೆ ಎರಡು ತಿಂಗಳ ಸಂಬಳ ಮೀಸಲಿಡಬೇಕೆಂಬ 'ನಿಯಮ'ವೂ 1980ರ ದಶಕದ ಜಾಹೀರಾತುಗಳಿಂದಲೇ ಹಬ್ಬಿದ್ದು. ಯಾವ ಹಿರಿಯರೂ ಹೇಳಿಕೊಟ್ಟದ್ದಲ್ಲ.

ನಮಗೆ ಅಮೆರಿಕಕ್ಕಿಂತ ಜಪಾನಿನ ಕಥೆ ಹೆಚ್ಚು ಹತ್ತಿರ. ಹಿರಿಯರು ನೋಡಿ ನಿಶ್ಚಯಿಸುವ ಮದುವೆ, ಎರಡೂ ಮನೆಗಳ ನಡುವೆ ಉಡುಗೊರೆ ವಿನಿಮಯ, ಮದುಮಕ್ಕಳು ಒಂದೇ ಬಟ್ಟಲಿನಿಂದ ಸಾಕೆ (ಅಕ್ಕಿಯ ಮದ್ಯ) ಕುಡಿಯುವ ಶಾಸ್ತ್ರ ಅಲ್ಲಿತ್ತು. ವಜ್ರದುಂಗುರದ ಸುಳಿವೇ ಇರಲಿಲ್ಲ. 1967ರಲ್ಲಿ ಅಲ್ಲಿ ಜಾಹೀರಾತು ಆರಂಭವಾದಾಗ ವಜ್ರದುಂಗುರ ತೊಡುತ್ತಿದ್ದ ವಧುಗಳು ಶೇ 5ರಷ್ಟೂ ಇರಲಿಲ್ಲ. 1981ರ ಹೊತ್ತಿಗೆ ಆ ಸಂಖ್ಯೆ ಶೇ 60ರ ಸುಮಾರಿಗೆ ಏರಿತ್ತು. ಹದಿನಾಲ್ಕು ವರ್ಷಗಳಲ್ಲಿ ಒಂದು 'ಸಂಪ್ರದಾಯ' ಹುಟ್ಟಿ ಬೆಳೆದಿತ್ತು.

ಮಾತಿಗೊಂದು ಒತ್ತೆ

ಎಲ್ಲವೂ ಜಾಹೀರಾತಿನ ಮಾಯೆ ಎಂದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಅಮೆರಿಕದಲ್ಲಿ ಈ ಉಂಗುರಕ್ಕೆ ಒಂದು ಕೆಲಸವಿತ್ತು. ಮದುವೆಯಾಗುತ್ತೇನೆಂದು ಮಾತು ಕೊಟ್ಟು ಕೈಬಿಟ್ಟ ಗಂಡಿನ ಮೇಲೆ ಹೆಣ್ಣು ಅಲ್ಲಿ ಪರಿಹಾರದ ದಾವೆ ಹೂಡಬಹುದಿತ್ತು. 1935ರಲ್ಲಿ ಇಂಡಿಯಾನಾದಿಂದ ಶುರುವಾಗಿ ಒಂದೊಂದೇ ರಾಜ್ಯ ಈ ಹಕ್ಕನ್ನು ತೆಗೆದುಹಾಕಿತು. ಕಾನೂನಿನ ಆಸರೆ ತಪ್ಪಿದಾಗ, ಮಾತಿಗೆ ಒತ್ತೆಯಾಗಿ ಬೆಲೆಬಾಳುವ ಉಂಗುರ ಬಂದು ಕೂತಿತು ಎಂಬುದು ಕಾನೂನು ವಿದ್ವಾಂಸೆ ಮಾರ್ಗರೆಟ್ ಬ್ರಿನಿಗ್ 1990ರಲ್ಲಿ ಮಂಡಿಸಿದ ವಾದ. ಗಂಡು ಹಣ ಹಾಕುತ್ತಾನೆ, ಹೆಣ್ಣು ತೊಡುತ್ತಾಳೆ. ಉಂಗುರ ದುಬಾರಿಯಾದಷ್ಟೂ ಮಾತು ಮುರಿಯುವುದು ಕಷ್ಟ.

ನಮ್ಮಲ್ಲಿ ಆ ಕೆಲಸವನ್ನು ತಾಂಬೂಲ ಮಾಡುತ್ತಿತ್ತು. ಹತ್ತು ಜನ ಹಿರಿಯರ ಎದುರು ಲಗ್ನಪತ್ರಿಕೆ ಓದಿ, ವೀಳ್ಯದೆಲೆ ಅಡಿಕೆ ಬದಲಾಯಿಸಿಕೊಂಡು, ಹುಡುಗಿಗೆ ಉಡಿ ತುಂಬಿದರೆ ಮಾತು ಗಟ್ಟಿಯಾಯಿತು ಎಂದರ್ಥ. ಅಲ್ಲಿ ಭದ್ರತೆ ಕೊಡುತ್ತಿದ್ದದ್ದು ಸಾಕ್ಷಿ ನಿಂತ ಜನ. ಬೆಳ್ಳಿ ತಟ್ಟೆಯಲ್ಲಿದ್ದ ವಸ್ತುವಿನ ಬೆಲೆಯಲ್ಲ. ಅದಕ್ಕೇ ಬಡವರ ಮನೆಯ ತಾಂಬೂಲವೂ ಸಿರಿವಂತರ ಮನೆಯ ತಾಂಬೂಲದಷ್ಟೇ ಗಟ್ಟಿಯಾಗಿರುತ್ತಿತ್ತು.

ಅಮೆರಿಕದ ಆ ಉಂಗುರ ಇಲ್ಲಿಗೆ ಬರುವಾಗ ದಿಕ್ಕನ್ನೇ ಬದಲಿಸಿಕೊಂಡಿತು. ಅಲ್ಲಿ ಗಂಡು ತನ್ನ ಗಳಿಕೆಯಿಂದ ಹೆಣ್ಣಿಗೆ ಕೊಡುತ್ತಿದ್ದ ಒತ್ತೆ, ಇಲ್ಲಿ 'ಉಂಗುರ ಬದಲಾವಣೆ'ಯಾಯಿತು. ನಿಶ್ಚಿತಾರ್ಥದ ಖರ್ಚು ಹೆಣ್ಣಿನ ಕಡೆಯವರದು ಎಂಬ ರೂಢಿಯಿರುವ ಕಡೆ ಹುಡುಗನ ಉಂಗುರದ ಹೊಣೆಯೂ ಹುಡುಗಿಯ ಅಪ್ಪನ ತಲೆಗೆ ಬಂತು. 'ನಾವೇನೂ ಕೇಳುವುದಿಲ್ಲ, ಹುಡುಗನಿಗೆ ಒಂದು ವಜ್ರದುಂಗುರ ಹಾಕಿಬಿಡಿ, ಫ್ರೆಂಡ್ಸೆಲ್ಲ ಬಂದಿರುತ್ತಾರೆ' ಎಂಬ ಮಾತಿಗೆ ಹುಡುಗಿಯ ಮನೆಯವರು ಇಲ್ಲವೆನ್ನುವುದು ಹೇಗೆ?

ಒರೆಗಲ್ಲಿನ ಎದುರು

'ಚಿನ್ನದ ಹಾಗೆ ಇದೂ ಆಪತ್ತಿಗೆ ಆಗುತ್ತದೆ' ಎಂದು ಸಮಾಧಾನ ಹೇಳಿಕೊಳ್ಳುವವರು ಯಾವುದಾದರೂ ಬ್ಯಾಂಕಿನ ಚಿನ್ನದ ಸಾಲದ ಮೇಜಿನ ಎದುರು ಅರ್ಧ ಗಂಟೆ ಕೂತು ನೋಡಬೇಕು. ಅಪ್ರೈಸರ್ ಉಂಗುರವನ್ನು ಕರಿಯ ಒರೆಗಲ್ಲಿನ ಮೇಲೆ ಉಜ್ಜುತ್ತಾರೆ. ಹಳದಿ ಗೆರೆಯ ಮೇಲೆ ಒಂದು ತೊಟ್ಟು ಆಮ್ಲ ಬಿಟ್ಟು, ಬಣ್ಣ ಎಷ್ಟು ಉಳಿಯಿತೆಂದು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಬಳಿಕ ಉಂಗುರ ತಕ್ಕಡಿಗೆ ಹೋಗುತ್ತದೆ. ಬಂದ ತೂಕದಲ್ಲಿ ಅವರು ಮೊದಲು ಕಳೆಯುವುದು ಕಲ್ಲಿನ ತೂಕವನ್ನು. ಉಳಿದ ಚಿನ್ನಕ್ಕಷ್ಟೇ ಬೆಲೆ. ರಿಸರ್ವ್ ಬ್ಯಾಂಕಿನ ನಿಯಮವೂ ಅದೇ: ಸಾಲಕ್ಕೆ ಲೆಕ್ಕವಾಗುವುದು ಚಿನ್ನದ ಅಂಶ ಮಾತ್ರ, ಕಲ್ಲು, ಮಜೂರಿ ಯಾವುದೂ ಇಲ್ಲ.

ಲೆಕ್ಕ ಹಾಕಿ ನೋಡೋಣ. ಉಂಗುರದ ಒಟ್ಟು ತೂಕ 4 ಗ್ರಾಂ, ಅದರಲ್ಲಿ 30 ಸೆಂಟಿನ ವಜ್ರ ಇದೆ ಎಂದುಕೊಳ್ಳಿ. ನೂರು ಸೆಂಟಿಗೆ ಒಂದು ಕ್ಯಾರಟ್, ಒಂದು ಕ್ಯಾರಟ್ ಎಂದರೆ 0.2 ಗ್ರಾಂ. ಹಾಗಾಗಿ ಕಲ್ಲಿನ ತೂಕ ಬರೀ 0.06 ಗ್ರಾಂ. ಬಿಲ್ಲಿನ ಒಂದು ದೊಡ್ಡ ಪಾಲು ಹೋಗಿರುವುದು ಈ ಅರವತ್ತು ಮಿಲಿಗ್ರಾಂಗೆ. ವಜ್ರ ಕೂರಿಸುವ ಚಿನ್ನ ಸಾಮಾನ್ಯವಾಗಿ 18 ಕ್ಯಾರಟ್ಟಿನದು, ಅಂದರೆ ಶೇ 75ರಷ್ಟು ಚಿನ್ನ. ಉಳಿದ 3.94 ಗ್ರಾಂ ಹೆಚ್ಚುಕಡಿಮೆ 3.2 ಗ್ರಾಂ 22 ಕ್ಯಾರಟ್ ಚಿನ್ನಕ್ಕೆ ಸಮ. ಆಪತ್ತಿಗೆ ಒದಗುವುದು ಇಷ್ಟೇ.

ಮಾರಲು ಹೋದರೂ ಪಾಡು ಹೆಚ್ಚು ಬೇರೆಯಲ್ಲ. ಚಿನ್ನಕ್ಕೆ ಪ್ರತಿದಿನ ಪತ್ರಿಕೆಯಲ್ಲಿ ದರ ಬರುತ್ತದೆ. ವಜ್ರಕ್ಕೆ ಅಂಥ ಒಂದೇ ದರ ಇಲ್ಲ. ಬಣ್ಣ, ಶುದ್ಧತೆ, ಕಟಿಂಗ್, ತೂಕ ಎಂಬ ನಾಲ್ಕೂ ಸೇರಿ ಒಂದೊಂದು ಕಲ್ಲಿಗೂ ಒಂದೊಂದು ಬೆಲೆ. ನೀವು ಕೊಂಡದ್ದು ಅಂಗಡಿಯ ಬಾಡಿಗೆ, ಲಾಭ, ಮಜೂರಿ, ಶೇ 3ರ ಜಿಎಸ್‌ಟಿ ಎಲ್ಲ ಸೇರಿದ ಚಿಲ್ಲರೆ ದರಕ್ಕೆ. ಬೇರೆ ಅಂಗಡಿಯವರು ಕೊಳ್ಳುವುದಾದರೆ ತಮಗೆ ಸಗಟು ಮಾರುಕಟ್ಟೆಯಲ್ಲಿ ಸಿಗುವುದಕ್ಕಿಂತ ಕಡಿಮೆಗೇ ಕೇಳುತ್ತಾರೆ.

ಯಂತ್ರದಲ್ಲಿ ಬೆಳೆದ ವಜ್ರ

ಈ ಚರ್ಚೆಗೆ ಹೊಸ ತಿರುವು ಕೊಟ್ಟಿರುವುದು ಲ್ಯಾಬ್‌ಗ್ರೋನ್ ವಜ್ರ. 1954ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ ಟ್ರೇಸಿ ಹಾಲ್ ಭಾರೀ ಒತ್ತಡ, ಭಾರೀ ಶಾಖ ಕೊಟ್ಟು ವಜ್ರ ತಯಾರಿಸಿದರು. ಈಗ ಚಾಲ್ತಿಯಲ್ಲಿರುವ ಇನ್ನೊಂದು ವಿಧಾನ ಸಿವಿಡಿ. ಮುಚ್ಚಿದ ಕೊಠಡಿಯೊಳಗೆ ವಜ್ರದ ತೆಳು ಹಲ್ಲೆಯೊಂದನ್ನು 'ಬೀಜ'ವಾಗಿ ಇಟ್ಟು, ಮೀಥೇನ್ ಮತ್ತು ಹೈಡ್ರೋಜನ್ ಅನಿಲ ಹಾಯಿಸಿ, ಮೈಕ್ರೊವೇವ್ ಶಕ್ತಿಯಿಂದ ಕಾಯಿಸುತ್ತಾರೆ. ಹಾಲಿಗೆ ಹೆಪ್ಪು ಹಾಕಿದಂತೆ, ಆ ಹಲ್ಲೆಯ ಮೇಲೆ ಇಂಗಾಲ ಪದರ ಪದರವಾಗಿ ಕೂತು ಕೆಲವು ವಾರಗಳಲ್ಲಿ ವಜ್ರ ಬೆಳೆಯುತ್ತದೆ. ಇದು ನಕಲಿ ಅಲ್ಲ. ಅದೇ ಇಂಗಾಲ, ಅದೇ ಗಡಸುತನ, ಅದೇ ಹೊಳಪು. ಶಾಖದ ಹರಿವನ್ನು ಅಳೆಯುವ ಅಂಗಡಿಯ ಟೆಸ್ಟರ್ ಪೆನ್ನಿಗೆ ಗಣಿಯದು ಯಾವುದು, ಯಂತ್ರದ್ದು ಯಾವುದು ಎಂದು ಗೊತ್ತಾಗುವುದಿಲ್ಲ; ವಿಶೇಷ ಉಪಕರಣಗಳೇ ಬೇಕು.

ಜಗತ್ತಿನ ಹತ್ತು ವಜ್ರಗಳಲ್ಲಿ ಒಂಬತ್ತಕ್ಕೆ ಸಾಣೆ ಹಿಡಿಯುವ ಸೂರತ್ ನಗರ ಈಗ ಯಂತ್ರದ ವಜ್ರಕ್ಕೂ ಕೇಂದ್ರ. 2023ರ ಬಜೆಟ್ಟಿನಲ್ಲಿ ಇದರ ಬೀಜಗಳ ಮೇಲಿನ ಆಮದು ಸುಂಕ ರದ್ದಾಯಿತು. ಅದೇ ವರ್ಷ ಪ್ರಧಾನಿ ಮೋದಿ ಅಮೆರಿಕಕ್ಕೆ ಹೋದಾಗ ಆಗಿನ ಅಧ್ಯಕ್ಷರ ಪತ್ನಿ ಜಿಲ್ ಬೈಡನ್ ಅವರಿಗೆ ಕೊಟ್ಟದ್ದು 7.5 ಕ್ಯಾರಟ್ಟಿನ ಲ್ಯಾಬ್‌ಗ್ರೋನ್ ವಜ್ರವನ್ನೇ.

ಆದರೆ ಯಂತ್ರ ಹೆಚ್ಚಿದಂತೆ ಬೆಲೆ ಇಳಿಯುತ್ತಲೇ ಹೋಗುತ್ತದೆ. ಡಿ ಬೀರ್ಸ್ ತಾನೇ 2018ರಲ್ಲಿ ಲೈಟ್‌ಬಾಕ್ಸ್ ಹೆಸರಿನಲ್ಲಿ ಕ್ಯಾರಟ್ಟಿಗೆ 800 ಡಾಲರಿನಂತೆ ಇಂಥ ವಜ್ರ ಮಾರಲು ಆರಂಭಿಸಿತು, 2024ರಲ್ಲಿ 500 ಡಾಲರಿಗೆ ಇಳಿಸಿತು, 2025ರಲ್ಲಿ ಅದನ್ನು ಮುಚ್ಚುವುದಾಗಿಯೇ ಘೋಷಿಸಿತು. ಹಾಗಾಗಿ ಲ್ಯಾಬ್‌ಗ್ರೋನ್ ಕೊಳ್ಳುವವರು ಒಡವೆಯ ಚಂದಕ್ಕೆಂದೇ ಕೊಳ್ಳಬೇಕು. ಮರುಮಾರಾಟದ ಆಸೆ ಇಟ್ಟುಕೊಳ್ಳಬಾರದು.

ಗಣಿಯ ವಜ್ರದ ಪರವಾಗಿಯೂ ಒಂದು ಮಾತು ಹೇಳಬೇಕು. ಸಿಯೆರಾ ಲಿಯೋನ್, ಅಂಗೋಲಾಗಳ ಅಂತರ್ಯುದ್ಧಕ್ಕೆ ಹಣ ಒದಗಿಸಿದ ರಕ್ತಸಿಕ್ತ ವಜ್ರದ ಕಥೆ ನಿಜ. ಅದನ್ನು ತಡೆಯಲೆಂದೇ 2003ರಲ್ಲಿ ಕಿಂಬರ್ಲಿ ಪ್ರಕ್ರಿಯೆ ಎಂಬ ಅಂತರರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆ ಜಾರಿಗೆ ಬಂತು. 1966ರಲ್ಲಿ ಸ್ವತಂತ್ರವಾದಾಗ ಕಡುಬಡತನದಲ್ಲಿದ್ದ ಬೋಟ್ಸ್ವಾನಾ ವಜ್ರದ ಆದಾಯದಿಂದಲೇ ಶಾಲೆ, ರಸ್ತೆ, ಆಸ್ಪತ್ರೆ ಕಟ್ಟಿಕೊಂಡದ್ದೂ ಅಷ್ಟೇ ನಿಜ.

ನಮ್ಮ ವಜ್ರ ಹೇಗಿತ್ತು?

ವಜ್ರದ ಆಸೆ ಕನ್ನಡದ ಹೆಣ್ಣುಮಕ್ಕಳಿಗೆ ಜಾಹೀರಾತು ಕಲಿಸಿದ್ದಲ್ಲ. ಏಳು ಕಲ್ಲಿನ ಓಲೆ, ಮೂಗುಬಟ್ಟು, ಬೇಸರಿ ಇವೆಲ್ಲ ಉಳ್ಳವರ ಮನೆಗಳಲ್ಲಿ ಬಹುಕಾಲದಿಂದ ಇದ್ದವು. ಹಳೆಯ ಅಂಗಡಿಗಳಲ್ಲಿ ಇಂದಿಗೂ 'ಬ್ಲೂ ಜಾಗರ್' ಕಲ್ಲಿದೆಯೇ ಎಂದು ಕೇಳುವ ಅಜ್ಜಿಯರಿದ್ದಾರೆ. ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೀನ್ ಗಣಿಯಿಂದ ಬಂದ ಹೆಸರದು. ಗಣಿ ಮುಚ್ಚಿ ದಶಕಗಳೇ ಕಳೆದರೂ ಹೆಸರು ನಮ್ಮಲ್ಲಿ ಉಳಿದಿದೆ. ಬಿಸಿಲಿಗೆ ಹಿಡಿದರೆ ನೀಲಿ ಛಾಯೆ ಸೂಸುವ ಕಲ್ಲನ್ನು ನಮ್ಮವರು ಆಸೆಪಟ್ಟು ಹೆಚ್ಚು ಕೊಟ್ಟು ಕೊಂಡರು. ಅಂಥ ನೀಲಿ ಛಾಯೆ ದಟ್ಟವಾಗಿದ್ದರೆ ಹೊರಗಿನ ವ್ಯಾಪಾರದಲ್ಲಿ ಉನ್ನತ ದರ್ಜೆಯ ಬಿಳಿ ವಜ್ರದ ಬೆಲೆಯನ್ನು ಸಾಮಾನ್ಯವಾಗಿ ತಗ್ಗಿಸುತ್ತಾರೆ. ಒಂದೇ ಗುಣ ಇಲ್ಲಿ ಹೆಚ್ಚಳ, ಅಲ್ಲಿ ಕುಂದು.

ಆ ಓಲೆಗಳನ್ನು ಕೊಳ್ಳುತ್ತಿದ್ದ ರೀತಿಯೇ ಬೇರೆ. ಕಲ್ಲು ಮನೆಗೆ 'ಕೂಡಿಬರುತ್ತದೆಯೇ' ಎಂದು ಕೆಲವು ದಿನ ಇಟ್ಟುಕೊಂಡು ನೋಡುತ್ತಿದ್ದರು. ಆ ನಂಬಿಕೆಯನ್ನು ಒಪ್ಪಬೇಕಿಲ್ಲ. ಆತುರಪಡದ ಆ ಗುಣವನ್ನು ಒಪ್ಪಬಹುದು. ಕೊಂಡಮೇಲೆ ಅದು ಲಾಕರ್ ಸೇರುತ್ತಿರಲಿಲ್ಲ. ಅಡುಗೆ ಮಾಡುವಾಗಲೂ ಕಿವಿಯಲ್ಲೇ ಇರುತ್ತಿತ್ತು, ಮುಂದೆ ಮಗಳಿಗೋ ಸೊಸೆಗೋ ಹೋಗುತ್ತಿತ್ತು. ನಲವತ್ತು ಐವತ್ತು ವರ್ಷ ದಿನಾ ತೊಟ್ಟ ಒಡವೆ ದುಬಾರಿಯಲ್ಲ. ಒಂದು ಸಂಜೆಯ ಫೋಟೊಗಾಗಿ ಬಂದು ಡಬ್ಬಿ ಸೇರುವ ಉಂಗುರ ಎಷ್ಟು ಅಗ್ಗಕ್ಕೆ ಸಿಕ್ಕರೂ ದುಬಾರಿಯೇ.

ಕೊಳ್ಳುವುದೇ ಆದರೆ

ಇಷ್ಟರ ಮೇಲೂ ವಜ್ರ ಬೇಕೆನಿಸಿದರೆ ಕೆಲವು ಸಂಗತಿ ಗಮನದಲ್ಲಿರಲಿ.

ಗಣಿಯದೋ ಲ್ಯಾಬ್‌ಗ್ರೋನೋ ಎಂಬುದು ಬಿಲ್ಲಿನಲ್ಲಿ ಬರಹದಲ್ಲಿರಬೇಕು. ಚಿನ್ನದ ತೂಕ, ಕಲ್ಲಿನ ತೂಕ, ಮಜೂರಿ ಬೇರೆ ಬೇರೆಯಾಗಿ ನಮೂದಾಗಿರಬೇಕು.

ದೊಡ್ಡ ಕಲ್ಲಾದರೆ ಮಾನ್ಯತೆಯುಳ್ಳ ಪ್ರಯೋಗಾಲಯದ ಪ್ರಮಾಣಪತ್ರ ಕೇಳಿ. ಹತ್ತು ಪಟ್ಟು ಹಿಗ್ಗಿಸುವ ಲೂಪ್ ಕೊಡಲು ಹೇಳಿ, ಕಲ್ಲಿನ ಅಂಚಿನಲ್ಲಿ ಲೇಸರಿನಿಂದ ಕೊರೆದ ಸಂಖ್ಯೆಯಿದ್ದರೆ ಪತ್ರದ ಸಂಖ್ಯೆಯೊಂದಿಗೆ ತಾಳೆ ಹಾಕಿ.

ಚಿನ್ನದ ಭಾಗಕ್ಕೆ ಹಾಲ್‌ಮಾರ್ಕ್ ಮತ್ತು ಆರು ಅಕ್ಷರಾಂಕಿಗಳ ಎಚ್‌ಯುಐಡಿ ಎಂಬ ಗುರುತುಸಂಖ್ಯೆ ಇದೆಯೇ ನೋಡಿ.

ವಾಪಸು ಕೊಟ್ಟರೆ ನಗದು ಎಷ್ಟು, ಬದಲಿ ಒಡವೆಗೆ ಎಷ್ಟು ಎಂಬುದನ್ನು ಹಣ ಕಟ್ಟುವ ಮೊದಲೇ ಬರೆಸಿಕೊಳ್ಳಿ. ಎರಡರ ನಡುವೆ ವ್ಯತ್ಯಾಸವಿರುವುದು ಸಾಮಾನ್ಯ.

ಉಂಗುರಕ್ಕೆಂದು ಇಎಂಐ, ವೈಯಕ್ತಿಕ ಸಾಲ ಬೇಡವೇ ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ಹಣ ಯಾರದೆಂಬುದು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಮದುವೆಯ ಸಂಬಂಧ ಬೇಡಿಕೆಯಿಟ್ಟು ಪಡೆಯುವ ವಸ್ತುವೂ ವರದಕ್ಷಿಣೆಯೇ. ಕೇಳದೆ ಕೊಟ್ಟ ಉಡುಗೊರೆಗೆ ವಿನಾಯಿತಿ ಉಂಟು. ಆದರೆ ಹೆಣ್ಣಿನ ಕಡೆಯವರು ಕೊಡುವ ಉಡುಗೊರೆ ರೂಢಿಯದ್ದಾಗಿರಬೇಕು, ಕೊಡುವವರ ಆರ್ಥಿಕ ಸ್ಥಿತಿಯನ್ನು ಮೀರಿರಬಾರದು ಎಂದು ಕಾಯ್ದೆಯೇ ಹೇಳುತ್ತದೆ. 'ಒಂದು ವಜ್ರದುಂಗುರ ಅಷ್ಟೇ' ಎಂದು ಕೇಳುವುದೂ ಕೇಳುವುದೇ.

ಹುಡುಗ ಹುಡುಗಿ ಇಬ್ಬರೂ ದುಡಿಯುವ ಮನೆಗಳು ಈಗ ಬೇಕಾದಷ್ಟಿವೆ. ಅಂಥವರು ಖರ್ಚಿನ ಪಟ್ಟಿ ಬರೆಯಲು ಹಿರಿಯರು ಕೂರುವ ಮೊದಲೇ 'ಉಂಗುರದ ಖರ್ಚು ನಮ್ಮಿಬ್ಬರದು, ನಮ್ಮ ಕೈಲಾದಷ್ಟು' ಎಂದು ಹೇಳಿಬಿಡಲಿ. ಈ ಮಾತನ್ನು ಹುಡುಗಿ ಆಡಿದರೆ ಎದುರು ಮಾತನಾಡಿದಳು ಎನ್ನುವ ಜನ ಇನ್ನೂ ಇದ್ದಾರೆ. ಹುಡುಗ ಆಡಿದರೆ ಯಾರೂ ತುಟಿ ಎರಡು ಮಾಡುವುದಿಲ್ಲ. ಹಾಗಾಗಿ ಮೊದಲು ಬಾಯಿಬಿಡಬೇಕಾದವನು ಹುಡುಗನೇ. ಆಮೇಲೆ ಇಬ್ಬರೂ ಸೇರಿ ಕೊಳ್ಳುವುದು ಸಾದಾ ಚಿನ್ನದುಂಗುರವಾದರೂ ಸರಿ, ವಜ್ರವಾದರೂ ಸರಿ, ಅದು ಅವರ ಇಷ್ಟ.