ಬಂಡಿಮನೆಯೊಳಗಿನ ಎರಡು ಬಗೆಯ ನೀರು

ಅಮೆರಿಕ ಮತ್ತು ಕೆನಡಾಗಳಲ್ಲಿ ಕಾರು ಅಥವಾ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗುವ, ಮಂಚ, ಒಲೆ, ಶೌಚಾಲಯಗಳೆಲ್ಲ ಇರುವ ಗಾಲಿಮನೆಗೆ ಟ್ರಾವೆಲ್ ಟ್ರೈಲರ್ ಎನ್ನುತ್ತಾರೆ. ಎಂಜಿನ್ನೇ ಇಲ್ಲದ ಈ ವಾಹನವನ್ನು ಹಾಳುಗೆಡಹುವ ಮುಖ್ಯ ಶತ್ರು ನೀರು, ಮತ್ತು ಅದು ಬರುವ ದಾರಿಗಳು ಎರಡು: ಒಳಗಿನ ಗಾಳಿಯ ತೇವ ತಣ್ಣನೆಯ ಗೋಡೆಗೆ ತಗುಲಿ ಹನಿಗಟ್ಟುವುದು ಒಂದು, ಹೊರಗಿನ ಮಳೆನೀರು ಸಂದಿಗಳಲ್ಲಿ ನುಸುಳುವುದು ಇನ್ನೊಂದು. ಒದ್ದೆಯಾದ ಗೋಡೆ ನೋಡುವುದಕ್ಕೆ ಒಂದೇ ತೆರನಾಗಿದ್ದರೂ ಮೊದಲನೆಯದಕ್ಕೆ ಕಿಟಕಿ ತೆರೆಯಬೇಕು, ಎರಡನೆಯದಕ್ಕೆ ಬಿರುಕು ಮುಚ್ಚಬೇಕು. ಹನಿಗಟ್ಟುವುದನ್ನೇ ಸೋರಿಕೆಯೆಂದು ತಿಳಿದು ಗಾಳಿಯಾಡುವ ಕಿಂಡಿಗಳನ್ನೆಲ್ಲ ಬಿಗಿದವರು ತೊಂದರೆಯನ್ನು ಇಮ್ಮಡಿಗೊಳಿಸಿಕೊಳ್ಳುತ್ತಾರೆ.

ಗಾಳಿ ತಂಪಾಗುತ್ತ ಹೋದಂತೆ ಅದರಲ್ಲಿರುವ ಆವಿ ನೀರಾಗತೊಡಗುವ ಉಷ್ಣತೆಯನ್ನು ಇಬ್ಬನಿ ಬಿಂದು ಎನ್ನುತ್ತಾರೆ. ತಣ್ಣನೆಯ ಮಜ್ಜಿಗೆ ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವುದು ಇದರಿಂದಲೇ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ಆವಿಯನ್ನು ಹಿಡಿಯಬಲ್ಲದಾದರೆ 0 ಡಿಗ್ರಿಯಲ್ಲಿ 5 ಗ್ರಾಂನಷ್ಟೂ ಹಿಡಿಯಲಾರದು. ಮೂವತ್ತು ಘನ ಮೀಟರ್ ಒಳಾವಕಾಶದ ಟ್ರೈಲರ್‌ನ ಬೆಚ್ಚನೆಯ ಗಾಳಿಗೆ ಹೆಚ್ಚೆಂದರೆ ಅರ್ಧ ಲೀಟರ್ ನೀರನ್ನು ಆವಿಯಾಗಿ ಹೊರುವ ಶಕ್ತಿಯಿದೆ. ಇಬ್ಬರು ರಾತ್ರಿಯಿಡೀ ಮಲಗಿದರೆ ಉಸಿರು ಮತ್ತು ಚರ್ಮದಿಂದ ಹೊರಬೀಳುವ ತೇವವೇ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಇದರ ಮೇಲೆ ಅಡುಗೆಯ ಹಬೆ, ಒಣಹಾಕಿದ ಟವೆಲ್, ಹಾಗೂ ಪ್ರೊಪೇನ್ ಅನಿಲ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರು ಹುಟ್ಟುವುದರಿಂದ, ಹೊಗೆಕೊಳವೆಯಿಲ್ಲದ ಹೀಟರ್ ಕೋಣೆಯನ್ನು ಬಿಸಿಮಾಡುತ್ತಲೇ ತೋಯಿಸುತ್ತದೆ. ಹೊಗೆಯನ್ನು ಹೊರಕ್ಕೆ ಬಿಡುವ ಫರ್ನೇಸ್‌ನಲ್ಲಿ ಈ ದೋಷವಿಲ್ಲ.

ಹನಿ ಮೊದಲು ಕಾಣಿಸಿಕೊಳ್ಳುವುದು ಒಂಟಿ ಗಾಜಿನ ಕಿಟಕಿಯಲ್ಲಿ ಮತ್ತು ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುವ ಅಲ್ಯೂಮಿನಿಯಂ ಚೌಕಟ್ಟು ಹಾದುಹೋಗುವ ಕಡೆಗಳಲ್ಲಿ. ಕಣ್ಣಿಗೆ ಬೀಳದ ಜಾಗವೆಂದರೆ ಹಲಗೆಗೆ ಅಂಟಿಕೊಂಡ ಹಾಸಿಗೆಯ ಅಡಿಭಾಗ. ಅಲ್ಲಿ ಬೂಷ್ಟು ಹಿಡಿದ ಮೇಲೆ ವಾಸನೆಯಿಂದಷ್ಟೇ ತಿಳಿಯುತ್ತದೆ, ಆದ್ದರಿಂದ ಹಾಸಿಗೆಯ ಕೆಳಗೆ ಗಾಳಿಯಾಡಲು ಪಟ್ಟಿಗಳನ್ನು ಜೋಡಿಸುವುದು ಲೇಸು. ಕೊರೆಯುವ ಚಳಿಯಲ್ಲೂ ಛಾವಣಿಯ ಕಿಂಡಿಯನ್ನೂ ಒಂದು ಕಿಟಕಿಯನ್ನೂ ಬೆರಳಗಲ ತೆರೆದಿಡಬೇಕೆಂಬ ಸಲಹೆ ವಿಚಿತ್ರವೆನಿಸಬಹುದು. ಆದರೆ ಹೊರಗಿನ ಚಳಿಗಾಳಿಯಲ್ಲಿ ಆವಿ ಅತ್ಯಲ್ಪವಾಗಿದ್ದು, ಒಳಬಂದು ಬಿಸಿಯಾದಾಗ ಅದು ಒಣಗಾಳಿಯಾಗಿ ತೇವವನ್ನು ಹೀರಿಕೊಂಡು ಹೊರಹೋಗುತ್ತದೆ.

ಸೋರಿಕೆಯ ಮಾತು ಬೇರೆ. ಮಳೆಯ ನಂತರ ಕಂದು ಅಂಚಿನ ಕಲೆ ಹಿಗ್ಗುತ್ತಿದ್ದರೆ ಸೋರಿಕೆಯನ್ನೇ ಶಂಕಿಸಬೇಕು. ಛಾವಣಿಯ ಕಿಂಡಿ, ಏಸಿಯ ಗ್ಯಾಸ್ಕೆಟ್, ಮೂಲೆಪಟ್ಟಿಯ ಸ್ಕ್ರೂ, ದೀಪಗಳ ಬುಡ ಇವು ಸಾಮಾನ್ಯ ಸ್ಥಾನಗಳು. ಪ್ರಯಾಣದ ಕುಲುಕಾಟ ಮತ್ತು ಬಿಸಿಲು ಅಲ್ಲಿನ ಸೀಲಂಟನ್ನು ಸೀಳುತ್ತವೆ. ನೀರು ಚೌಕಟ್ಟಿನುದ್ದಕ್ಕೂ ಹರಿದು ಎಲ್ಲೋ ಇಳಿಯುವುದರಿಂದ ಕಲೆಯ ನೇರ ಮೇಲೆಯೇ ತೂತು ಇರುತ್ತದೆಂದು ಹೇಳಲಾಗದು. ಹಾಗಾಗಿ ನುರಿತವರು ಬ್ಲೋವರ್‌ನಿಂದ ಒಳಗೆ ಗಾಳಿಯ ಒತ್ತಡ ಹೆಚ್ಚಿಸಿ, ಹೊರಗಿನ ಸಂದಿಗಳ ಮೇಲೆ ಸಾಬೂನು ನೀರು ಸಿಂಪಡಿಸಿ, ಗುಳ್ಳೆ ಏಳುವ ಜಾಗವನ್ನು ಗುರುತಿಸುತ್ತಾರೆ. ರಬ್ಬರ್ ಛಾವಣಿಗೆ ಅದಕ್ಕೆಂದೇ ತಯಾರಾದ, ತಾನಾಗಿ ಸಮನಾಗಿ ಹರಡುವ ಸೀಲಂಟ್ ಬೇಕು. ಸಿಲಿಕೋನ್ ಹಚ್ಚಿದರೆ ಮುಂದೆ ಅದರ ಮೇಲೆ ಬೇರಾವುದೂ ಅಂಟದೆ ದುರಸ್ತಿಯೇ ಕಷ್ಟವಾಗುತ್ತದೆ. ಯಾವ ನಲ್ಲಿಯೂ ತೆರೆಯದಿದ್ದಾಗ ನೀರಿನ ಪಂಪು ಆಗಾಗ ಸದ್ದು ಮಾಡುತ್ತಿದ್ದರೆ ಸೋರುತ್ತಿರುವುದು ಬಹುಶಃ ಛಾವಣಿಯಲ್ಲ, ಒಳಗಿನ ಪೈಪು.

ಫೈಬರ್‌ಗ್ಲಾಸ್ ಗೋಡೆಯ ಹಿಂದಿನ ತೆಳು ಪ್ಲೈವುಡ್ ನೆನೆದರೆ ಅಂಟು ಬಿಟ್ಟು ಹೊರಮೈ ಉಬ್ಬುತ್ತದೆ; ಇದರ ದುರಸ್ತಿ ಬಲು ದುಬಾರಿ. ಹಳೆಯ ಟ್ರೈಲರ್ ಕೊಳ್ಳುವವರು ಹೊಳಪು ನೋಡಿ ಮರುಳಾಗದೆ, ಒಳಗಿನ ಮೂಲೆಗಳನ್ನೂ ಕಿಟಕಿಯ ಕೆಳಭಾಗವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಲಿ; ಮೆತ್ತಗೆ ಒಳಸರಿದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಆ ವ್ಯಾಪಾರ ಬೇಡ.