ಅರ್ಬುದರೋಗವೂ ಗುಳಿಗೆಯ ಬೆಲೆಯೂ

ಅರ್ಬುದರೋಗ, ಅಂದರೆ ಕ್ಯಾನ್ಸರ್, ಎಂದೊಡನೆಯೇ ನಮ್ಮ ಜನರು ಹಣೆಬರಹವನ್ನು ಹಳಿದು ಕೈಚೆಲ್ಲುವುದುಂಟು. ಮೂಳೆಮಜ್ಜೆಯಲ್ಲಿ ಹುಟ್ಟುವ ಒಂದು ಬಗೆಯ ರಕ್ತದ ಅರ್ಬುದದ ವೃತ್ತಾಂತವನ್ನು ಅಂಥವರು ಅವಶ್ಯವಾಗಿ ಅರಿಯಬೇಕೆಂದು ನಾವು ಬಗೆಯುತ್ತೇವೆ.

ಜೀವಕೋಶದಲ್ಲಿ ಕೈನೇಸ್ ಎಂಬ ಪ್ರೋಟೀನುಗಳುಂಟು. ಇವು ಇತರ ಪ್ರೋಟೀನುಗಳ ಮೇಲೆ ಫಾಸ್ಫೇಟಿನ ಮುದ್ರೆಯೊತ್ತಿ, ಬೆಳೆಯಬೇಕೆಂಬ ಅಪ್ಪಣೆಯನ್ನು ಮುಂದಕ್ಕೆ ಸಾಗಿಸಿ, ಕಾರ್ಯ ತೀರಿದೊಡನೆ ಸುಮ್ಮನಾಗುತ್ತವೆ. ಈ ರೋಗದಲ್ಲಾದರೋ 9ನೆಯ ಮತ್ತು 22ನೆಯ ವರ್ಣತಂತುಗಳು ತುಂಡಾಗಿ, ತುಣುಕುಗಳು ಅದಲುಬದಲಾಗುತ್ತವೆ. ಇದನ್ನು 1973ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ವಿದುಷಿ ಜಾನೆಟ್ ರೌಲಿ. ಆ ಬೆಸುಗೆಯಿಂದ ಹುಟ್ಟುವ ಕೈನೇಸಿಗೆ ಸುಮ್ಮನಾಗುವುದೇ ತಿಳಿಯದು. ಅಮಲ್ದಾರರ ಮೊಹರು ಕಳ್ಳನ ಕೈಗೆ ಸಿಕ್ಕಿದಂತೆ ಹಗಲಿರುಳೂ ಹುಕುಂ ಹೊರಡುತ್ತಲೇ ಇರುತ್ತದೆ. ಬಿಳಿಯ ರಕ್ತಕಣಗಳು ಮಿತಿಮೀರಿ ಹೆಚ್ಚುತ್ತವೆ.

ಇಮ್ಯಾಟಿನಿಬ್ ಎಂಬ ಔಷಧವು ಫಾಸ್ಫೇಟನ್ನು ಒದಗಿಸುವ ಅಣುವಿನ ಸ್ಥಾನದಲ್ಲಿ ತಾನೇ ಕುಳಿತು ಆ ಮೊಹರನ್ನು ತಡೆಯುತ್ತದೆ. 2001ರಲ್ಲಿ ಅಮೆರಿಕದ ಸರ್ಕಾರವು ಇದಕ್ಕೆ ಅನುಮತಿಯಿತ್ತಿತು. ಕೆಲವೇ ವರ್ಷಗಳಲ್ಲಿ ಕೊಲ್ಲುತ್ತಿದ್ದ ವ್ಯಾಧಿಯುಳ್ಳವರು ನಿತ್ಯವೂ ಗುಳಿಗೆ ನುಂಗಿ ದೀರ್ಘಕಾಲ ಬಾಳುವಂತಾಯಿತು. ಕೈನೇಸಿನ ಆಕಾರವು ತುಸು ಮಾರ್ಪಟ್ಟರೆ ಮಾತ್ರ ಔಷಧವು ನಾಟದೆ ಹೋಗುವುದೂ ಉಂಟು.

ಇನ್ನು ಬೆಲೆಯ ಮಾತು. ನೊವಾರ್ಟಿಸ್ ಕಂಪನಿಯ ಗುಳಿಗೆಗೆ ಭಾರತದಲ್ಲಿ ತಿಂಗಳಿಗೆ ಸುಮಾರು 1,20,000 ರೂಪಾಯಿ ತಗಲುತ್ತಿದ್ದಿತು. ಸ್ವದೇಶೀ ಕಾರ್ಖಾನೆಗಳದಕ್ಕೆ ಸುಮಾರು 10,000. ಔಷಧದ ಒಂದು ಸ್ಫಟಿಕರೂಪಕ್ಕೆ ಕಂಪನಿಯು ಪೇಟೆಂಟನ್ನು ಬೇಡಿತು. ರೋಗಶಮನದಲ್ಲಿ ಅದರ ಅಧಿಕ ಗುಣವು ಸಿದ್ಧಪಡಲಿಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 1ರಂದು ಆ ಬೇಡಿಕೆಯನ್ನು ತಳ್ಳಿಹಾಕಿತು. ಸಂಶೋಧನೆಗೆ ಹಣ ಬೇಡವೇ ಎಂದು ಕೇಳುವವರುಂಟು. ಬೇಕು, ನಾವು ಅಲ್ಲಗಳೆಯುವುದಿಲ್ಲ. ಆದರೆ ತಿಂಗಳಿಗೆ ಲಕ್ಷ ರೂಪಾಯಿಯನ್ನು ಯಾವ ಗುಮಾಸ್ತನು ತರಬಲ್ಲನು? ತೀರ್ಪಿನ ದೆಸೆಯಿಂದ ಸ್ವದೇಶೀ ಗುಳಿಗೆಯು ಅಂಗಡಿಯಲ್ಲಿ ಉಳಿಯಿತು.