ಸೊಸುವಾದ ಅತಿಥಿಭೋಜನ

ಪ್ರಶ್ನೆ: ಕೆರಿಬಿಯನ್ ಕಡಲತಡಿಯ ಊರುಗಳಲ್ಲಿ ಪರದೇಶದ ಪ್ರವಾಸಿಗರಿಗೆ ಅವರವರ ರುಚಿಯ ಊಟ ಹೇಗೆ ದೊರೆಯುತ್ತದೆ?

ಉತ್ತರ: ಡೊಮಿನಿಕನ್ ಗಣರಾಜ್ಯದ ಉತ್ತರ ತೀರದಲ್ಲಿರುವ ಸೊಸುವಾ ಎಂಬ ಊರಿನಲ್ಲಿ ಅತಿಥಿಗಳ ರುಚಿಯು ಅತಿಥಿಗಳಿಗಿಂತ ದಶಕಗಳ ಮೊದಲೇ ಬಂದು ನೆಲೆಸಿತ್ತು. 1938ರ ಎವಿಯಾನ್ ಸಮ್ಮೇಳನದಲ್ಲಿ ಬಹುತೇಕ ರಾಷ್ಟ್ರಗಳು ನಾಜಿ ಹಿಂಸೆಗೆ ಗುರಿಯಾದ ಯೆಹೂದಿ ನಿರಾಶ್ರಿತರಿಗೆ ವಿಮುಖವಾದಾಗ, ಹಿಂದಿನ ವರ್ಷವಷ್ಟೇ ಸಾವಿರಾರು ಹೈಟಿಯನ್ನರ ಹತ್ಯೆಗೆ ಆಜ್ಞೆಯಿತ್ತಿದ್ದ ಡೊಮಿನಿಕನ್ ಸರ್ವಾಧಿಕಾರಿ ಟ್ರುಹಿಯೋ, ಕರುಣೆಗಿಂತ ಹೆಚ್ಚಾಗಿ ತನ್ನ ಅಪಕೀರ್ತಿಯನ್ನು ತೊಳೆದುಕೊಳ್ಳುವ ಹಂಬಲದಿಂದಲೇ ಇರಬೇಕು, ಆ ಯೆಹೂದಿಗಳಿಗೆ ಆಶ್ರಯ ಕೊಡಲು ಮುಂದಾದನು. 1940ರಿಂದ ಸೊಸುವಾದಲ್ಲಿ ನೆಲೆನಿಂತ ಜರ್ಮನಿ, ಆಸ್ಟ್ರಿಯಗಳ ಆ ಜನ, ಬಹುಮಟ್ಟಿಗೆ ನಗರವಾಸಿಗಳಾಗಿದ್ದರೂ, ಗೋಪಾಲನೆಯನ್ನು ಕಲಿತು, ಸಹಕಾರ ಪದ್ಧತಿಯಲ್ಲಿ ಬೆಣ್ಣೆ, ಚೀಸು, ಸಾಸೇಜುಗಳನ್ನು ತಯಾರಿಸತೊಡಗಿದರು. ಮುಂದೆ ಹತ್ತಿರದ ಪ್ವೆರ್ಟೊ ಪ್ಲಾಟಾದ ವಿಮಾನನಿಲ್ದಾಣದಲ್ಲಿ ಜರ್ಮನರೂ ಕೆನಡಿಯನ್ನರೂ ತಂಡೋಪತಂಡವಾಗಿ ಬಂದಿಳಿದಾಗ, ಯುರೋಪಿನ ರೊಟ್ಟಿ, ಷ್ನಿಟ್ಜೆಲ್ಲುಗಳ ಭೋಜನಗೃಹಗಳು ಸಮುದ್ರದ ಬಳಿ ತಲೆಯೆತ್ತಿದುವು. ಊರವರ ನಿತ್ಯಾಹಾರವಾದ ಅನ್ನ, ಬೀನ್ಸು, ಮಾಂಸಗಳ ‘ಬಂದೇರಾ’ ಸಣ್ಣ ಊಟದಮನೆಗಳಲ್ಲಿ ಅಗ್ಗದ ಬೆಲೆಗೆ ಸಿಗುತ್ತದೆ. ನನ್ನ ಮತದಲ್ಲಿ ಸವಿಯಬೇಕಾದುದು ಅದೇ. ಅಲ್ಲಿಗೆ ಹೋಗುವ ಸಸ್ಯಾಹಾರಿ ಓದುಗರು ಬೆಳಗಿನ ಉಪಾಹಾರಕ್ಕೆ, ಜೊತೆಗೆ ಬರುವ ಸಲಾಮಿ ಎಂಬ ಮಾಂಸ ಬೇಡವೆಂದು ಮೊದಲೇ ತಿಳಿಸಿ, ಬೇಯಿಸಿ ಮಸೆದ ಬಾಳೆಕಾಯಿಯ ‘ಮಂಗೂ’ವನ್ನು ಕೇಳಿ ಪಡೆಯಬಹುದು.